ಸೋಮವಾರದ ಉಸಿರು

ಮಾರಪ್ಪನ್ ರುಕ್ಮಣಿಯನ್ನು ಮೊದಲ ಸಲ ಕಂಡದ್ದು ತಿರುಪ್ಪೂರಿನ ಒಂದು ಕೈಪಂಪಿನ ಹತ್ತಿರ, ೧೯೮೬ರ ಮಾಸಿ ತಿಂಗಳ, ಮಾರ್ಚ್ ಆಸುಪಾಸಿನ, ಒಂದು ಭಾನುವಾರ ಬೆಳಿಗ್ಗೆ. ಅವನ ಕಂಕುಳಲ್ಲಿ ದೊಡ್ಡದೊಂದು ತಗಡಿನ ಡಬ್ಬ ಇತ್ತು. ಗಾಂಧಿಪುರಂ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅದನ್ನು ಸೀಮೆಎಣ್ಣೆ ಡಬ್ಬ ಎಂದುಕೊಂಡು ಮೂಸಿ ನೋಡಿದ್ದ, ಮೂಸಿಯೂ ನಂಬದೆ ಬಸ್ಸಿನ ಮೇಲಕ್ಕೆ ಹತ್ತಿಸಿದ್ದ. ದಾರಿಯುದ್ದಕ್ಕೂ ಅದು ಮೇಲೆ ಉರುಳುವ ಸದ್ದು ಕೇಳುತ್ತಾ ಮಾರಪ್ಪನ್ ಕೆಳಗೆ ಕೂತಿದ್ದ.

ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಹಿಂದಿನ ಸಾಲುಮನೆಗಳ ಮುಂದೆ ಪಂಪು. ಪಂಪಿನ ಮುಂದೆ ಕೊಡಗಳ ಸಾಲು. ಅವನು ಡಬ್ಬ ಕೆಳಗಿಟ್ಟು, ಇದಕ್ಕೆ ಎರಡು ಕೊಡ ನೀರು ಬೇಕು ಎಂದು ತಮಿಳಿನಲ್ಲಿ ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾನುವಾರದ ಸಾಲಿನಲ್ಲಿ ಯಾರೂ ಯಾರಿಗೂ ನೀರು ಬಿಟ್ಟುಕೊಡುವುದಿಲ್ಲ. ಆಗ, ಆಗಷ್ಟೇ ತುಂಬಿದ ಹಸಿರು ಪ್ಲಾಸ್ಟಿಕ್ ಕೊಡವನ್ನು ಸೊಂಟಕ್ಕೇರಿಸುತ್ತಿದ್ದ ಒಬ್ಬಾಕೆ ಬಂದು ಅದನ್ನು ಡಬ್ಬಕ್ಕೆ ಬಗ್ಗಿಸಿದಳು. ತೆಳ್ಳಗಿನ ಮೈ, ತಲೆಗೆ ನೀರು ಹಾಕಿಕೊಂಡು ಬೆನ್ನ ಮೇಲೆ ಹರಡಿದ ಒದ್ದೆ ಕೂದಲು. ಎಡಗೈ ತೋರುಬೆರಳಿನ ತುದಿಯಲ್ಲಿ ನೂಲು ಕೊರೆದ ಹಳೆಯ ಗೆರೆ.

ನೀರು ಡಬ್ಬದೊಳಗೆ ನಿಲ್ಲಲಿಲ್ಲ. ಬಸ್ಸಿನ ಮೇಲೆ ಉರುಳಿ ಬೆಸುಗೆ ಬಿಟ್ಟಿತ್ತು. ಅವನ ಚಪ್ಪಲಿ ತೋಯಿಸಿಕೊಂಡು ನೀರು ಮಣ್ಣಿಗೆ ಇಳಿಯಿತು.

"ಅಯ್ಯೋ ಶಿವನೇ, ತಳ ಬಿಡ್ತಲ್ಲ" ಎಂದ ಅವನು ಕನ್ನಡದಲ್ಲಿ, ತನ್ನಷ್ಟಕ್ಕೆ.

ಆಕೆ ಖಾಲಿ ಕೊಡ ಹಿಡಿದು ನಿಂತಳು. "ಯಾವೂರು ತಂಬಿ ನಿಂದು?"

"ವೆಳ್ಳಕೋಯಿಲ್ ಹತ್ರ. ತೋಟದಲ್ಲಿರೋದು."

"ಮನೇಲಿ ಈ ಮಾತೇನಾ?"

"ಹೂಂ. ಮನೇಲಿ ಮಾತ್ರ."

"ನಮ್ದೂ ಹಂಗೇ. ಹೊಸ್ತಿಲು ದಾಟಿದ್ರೆ ತಮಿಳು." ಆಕೆ ಒಳಗೆ ಹೋಗಿ ಬಟ್ಟೆ ಸೋಪಿನ ಒದ್ದೆ ತುಂಡೊಂದನ್ನು ತಂದು, ಬೆಸುಗೆ ಬಿಟ್ಟ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದಳು. ನೀರು ನಿಂತಿತು. "ಇವತ್ತಿಗೆ ತಡೀತದೆ. ಊರಿಗೋಗಿ ಸರಿ ಮಾಡಿಸ್ಕೋ" ಎಂದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು. ಅವಳೇ ರುಕ್ಮಣಿ.

ಮಾರಪ್ಪನ್ ಪೀಳಮೇಡಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷ ಓದುತ್ತಿದ್ದ. ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ಅವನೊಬ್ಬನೇ. ಮನುಷ್ಯನ ಮೈಯನ್ನು ಅಳೆಯುವ ಯಂತ್ರಗಳ ಬಗ್ಗೆ ವಿದ್ಯಾರ್ಥಿಗಳು ತಾವೇ ಸಂಶೋಧನೆ ಮಾಡಿ ಪ್ರಬಂಧ ಓದುವ ವಿಚಾರಗೋಷ್ಠಿಯೊಂದನ್ನು ಆ ವರ್ಷ ಕಾಲೇಜು ಇಟ್ಟುಕೊಂಡಿತ್ತು. ಹಾಸ್ಟೆಲಿನ ಹುಡುಗರು ಹೃದಯದ ಬಡಿತ ಹಿಡಿಯುವ ಸರ್ಕ್ಯೂಟ್‌ಗಳನ್ನು ಕಟ್ಟುತ್ತಿದ್ದರು. ಮಾರಪ್ಪನ್ ಉಸಿರನ್ನು ಆರಿಸಿಕೊಂಡ. ಡಬ್ಬದಲ್ಲಿ ನೀರು, ನೀರಿನ ಮೇಲೆ ಬೋರಲಾಗಿ ತೇಲುವ ಹಗುರವಾದ ಅಲ್ಯೂಮಿನಿಯಂ ಪಾತ್ರೆ, ಅದರೊಳಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ. ಊದಿದರೆ ಪಾತ್ರೆ ಏಳುತ್ತದೆ; ಅದಕ್ಕೆ ಕಟ್ಟಿದ ದಾರ ರಾಟೆಯ ಮೇಲೆ ಹಾದು ಒಂದು ಪೆನ್ನನ್ನು ಎಳೆಯುತ್ತದೆ. ಪೆನ್ನಿನ ಎದುರು ಕಾಗದ ಸುತ್ತಿದ ಉರುಳೆ ತಿರುಗುತ್ತದೆ. ಉರುಳೆ ತಿರುಗಿಸಲು ಅವನು ಉಕ್ಕಡಂನ ಹಳೇ ಸಾಮಾನಿನ ಅಂಗಡಿಯಿಂದ ಕೀಲಿ ಕೊಡುವ ಗ್ರಾಮಫೋನಿನ ಮೋಟಾರು ಹುಡುಕಿ ತಂದಿದ್ದ. ಕರೆಂಟು ಬೇಕಿಲ್ಲ. ಗಟ್ಟಿ ಎದೆಯವರು ಊದಿದರೆ ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಏರಿ ನಿಲ್ಲುತ್ತಿತ್ತು. ಎದೆ ಬಿಗಿದವರದ್ದು ಗುಡ್ಡ ಹತ್ತುವ ಮುದುಕನಂತೆ ನಿಧಾನ.

ಹತ್ತಿಯ ದೂಳಿನಲ್ಲಿ ದುಡಿಯುವವರ ಉಸಿರು ಅಳೆಯಬೇಕು ಎನ್ನುವುದು ಅವನ ಯೋಚನೆ. ಯಾವಾಗ ಅಳೆಯಬೇಕು ಎನ್ನುವುದು ಅವನ ಅಮ್ಮನ ಮಾತು. "ದುಡಿಯೋರ ಹತ್ರ ದುಡಿಯೋ ಹೊತ್ನಲ್ಲಿ ಹೋಗ್ಬೇಡ ಕಣ್ಣು" ಎಂದಿದ್ದಳು ಅವಳು, ತೋಟದಿಂದ ಹೊರಡುವಾಗ. "ಮೈ ತೊಳ್ಕೊಂಡು, ಉಂಡು ಕೂತಿರೋ ಹೊತ್ನಲ್ಲಿ ಹೋಗು. ಅವ್ರಿಗೂ ಮರ್ವಾದೆ, ನಿಂಗೂ ಮರ್ವಾದೆ." ಅವರ ಕಡೆ ಹೆಣ್ಣು ಕೇಳಲು ಹೋಗುವವರೂ, ಎತ್ತು ಕೇಳಲು ಹೋಗುವವರೂ ಹಾಗೆಯೇ ಹೋಗುತ್ತಿದ್ದರು. ಅದಕ್ಕೇ ಅವನು ಭಾನುವಾರ ಹೋದ.

ಆ ಭಾನುವಾರ ಒಂದು ಹಬ್ಬದಂತೆ ನಡೆಯಿತು. ಹೆಂಗಸರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಒಳ್ಳೆಯ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದರು. ಎಲ್ಲರಿಗಿಂತ ಹಿರಿಯಳಾದ ಮುತ್ತಮ್ಮಾಳ್ ಮೊದಲು ಕೊಳವೆ ಹಿಡಿದಳು.

"ಇದನ್ನ ಊದಿದ್ರೆ ಏನ್ ಬರ್ತದೆ ತಂಬಿ? ಹಾವು ಬರ್ತದಾ?"

"ಗೆರೆ ಬರ್ತದೆ ಅಜ್ಜಿ."

"ಅಷ್ಟೇನಾ? ನಲವತ್ತು ವರ್ಷ ಒಲೆ ಊದಿದೀನಿ, ಅನ್ನನಾದ್ರೂ ಬಂತು." ಊದಿದಳು. ಪಾತ್ರೆ ಚಂಗನೆ ಎದ್ದಿತು. "ಯಾರಾದ್ರೂ ಬನ್ನಿ ನನ್ ಮೇಲೆ" ಎಂದು ಸೆರಗು ಸಿಕ್ಕಿಸಿ ನಿಂತಳು.

ಒಬ್ಬರ ಮೇಲೊಬ್ಬರು ಪಂದ್ಯಕ್ಕೆ ಬಿದ್ದ ಹಾಗೆ ಊದಿದರು. ಹದಿನಾಲ್ಕು ಗೆರೆಗಳೂ ಚೆನ್ನಾಗಿ ಬಂದವು. ರುಕ್ಮಣಿ ಮಾತ್ರ ಊದಲಿಲ್ಲ. "ಒಗೆಯೋ ಬಟ್ಟೆ ಗುಡ್ಡ ಬಿದ್ದಿದೆ" ಎಂದು ಕೊಡ ಎತ್ತಿಕೊಂಡು ಹೋದಳು.

ಗೆರೆಗಳನ್ನು ನೋಡಿ ಅವನ ಮಾರ್ಗದರ್ಶಕರಾದ ಪ್ರೊಫೆಸರ್ ರಾಮಲಿಂಗಂ ತಲೆದೂಗಿದರು. ಯಂತ್ರ ಕೆಲಸ ಮಾಡುತ್ತಿದೆ. ದೂಳಿನಿಂದ ಇವರ ಉಸಿರಿಗೆ ಗಮನಿಸುವಂಥ ತೊಂದರೆಯಿಲ್ಲ ಎಂದು ಬರೆಯಬಹುದು. "ಇನ್ನೊಬ್ಬರು ಸಿಕ್ಕಿದರೆ ಹದಿನೈದಾಗುತ್ತೆ. ಕೋಷ್ಟಕ ಲಕ್ಷಣವಾಗಿರುತ್ತೆ" ಎಂದರು. ಮರುವಾರ ಸೋಮವಾರ ಕಾಲೇಜಿಗೆ ರಜೆ ಇತ್ತು. ಮಾರಪ್ಪನ್ ಆ ಒಬ್ಬರಿಗಾಗಿ ಡಬ್ಬ ಹೊತ್ತು ಮತ್ತೆ ಹೋದ. ಸಂಜೆ ಪಾಳಿ ಬಿಟ್ಟಾಗ ರುಕ್ಮಣಿ ಬಂದಳು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಎಳೆ. ಒಂದೇ ದಿನದಲ್ಲಿ ಮುದುಕಿಯಾಗಿದ್ದಳು. ಬಾಯಲ್ಲಿ ಬೆಲ್ಲದ ಚೂರು. ಅಷ್ಟು ದೂರದಿಂದ ಬಂದವನಿಗೆ ಇಲ್ಲವೆನ್ನಲಾರದೆ ಕೊಳವೆ ಹಿಡಿದಳು.

ಪಾತ್ರೆ ಏಳಲು ಮನಸ್ಸಿಲ್ಲದಂತೆ ಎದ್ದಿತು. ಗೆರೆ ಅರ್ಧಕ್ಕೆ ಹೋಗಿ ಸುಸ್ತಾಯಿತು. ಇನ್ನೊಮ್ಮೆ ಊದಿಸಿದ. ಅದೇ.

"ನಿನ್ ತಗಡು ಸರಿಯಿಲ್ಲ ತಂಬಿ" ಎಂದಳು ರುಕ್ಮಣಿ. "ಸೋಪು ಬಿಟ್ಕೊಂಡಿರ್ಬೇಕು."

ಅವನಿಗೂ ಹಾಗೇ ಅನ್ನಿಸಿತು. ಡಬ್ಬವನ್ನು ಪೀಳಮೇಡಿಗೆ ಒಯ್ದು ಬೆಸುಗೆಯನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿದ. ಕೊಳವೆ ಬದಲಿಸಿದ. ಅಳೆದ ಗಾಳಿಯನ್ನು ಒಳಗೆ ಬಿಟ್ಟು ನೋಡಿದ. ಪೆನ್ನು ನಿಲ್ಲಬೇಕಾದಲ್ಲೇ ನಿಂತಿತು. ಸೋಮವಾರ ಆ ಸೋಪಿನ ತುಂಡು ಒಣಗಿ ಕಲ್ಲಾಗಿ ಬೆಸುಗೆಗೆ ಅಂಟಿಕೊಂಡೇ ಇದ್ದದ್ದು ಅವನಿಗೆ ಆಮೇಲೆ ನೆನಪಾಯಿತು. ಒಂದು ಹನಿಯೂ ಸೋರಿರಲಿಲ್ಲ. ಯಂತ್ರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಎದೆ.

ಹಾಗಾದರೆ ಉಳಿದವರದ್ದು ಹೇಗೆ ಸರಿ? ಒಂದೇ ಫ್ಯಾಕ್ಟರಿ, ಒಂದೇ ದೂಳು. ಅವನು ಕಾಗದಗಳನ್ನು ಹರಡಿಕೊಂಡು ಕೂತ. ಬೇರೆಯದಾಗಿದ್ದದ್ದು ದಿನ ಒಂದೇ: ಅವರದ್ದು ಭಾನುವಾರ, ರುಕ್ಮಣಿಯದು ಸೋಮವಾರ. ಲೈಬ್ರರಿಯ ವೈದ್ಯಕೀಯ ಪುಸ್ತಕದಲ್ಲಿ ಅದು ಅಚ್ಚಾಗಿಯೇ ಇತ್ತು: ಹತ್ತಿಯ ದೂಳಿನ ಕಾಯಿಲೆ ರಜೆ ಕಳೆದ ಮೊದಲ ದಿನವೇ ಎದೆ ಹಿಡಿಯುತ್ತದೆ, ಬಿಡುವು ಸಿಕ್ಕರೆ, ಮೊದಮೊದಲಲ್ಲಿ, ಸಡಿಲಿಸುತ್ತದೆ. ಅವನು ಮರ್ಯಾದೆಗೆಂದು ಆರಿಸಿಕೊಂಡ ದಿನವೇ ಅವರ ಕಾಯಿಲೆ ಕಾಣದ ದಿನವಾಗಿತ್ತು.

ಮುಂದಿನ ಭಾನುವಾರ ರುಕ್ಮಣಿ ಮತ್ತೆ ಊದಿದಳು. ಗೆರೆ ಹೆಚ್ಚುಕಡಿಮೆ ಉಳಿದವರ ಸಮಕ್ಕೆ ಏರಿತು.

"ನೋಡ್ದ್ಯಾ, ರಿಪೇರಿ ಆಗಿದೆ."

"ಡಬ್ಬ ಅವತ್ತೂ ಸರಿಯಾಗೇ ಇತ್ತು ಅಕ್ಕ." ಅವನು ಎರಡೂ ಕಾಗದಗಳನ್ನು ಅವಳ ಮುಂದಿಟ್ಟು ಪುಸ್ತಕದಲ್ಲಿದ್ದದ್ದನ್ನು ಹೇಳಿದ. ಅವಳು ಅಕ್ಷರ ಬಲ್ಲವಳಲ್ಲ; ಗೆರೆಗಳನ್ನು ನೋಡಲು ಅಕ್ಷರ ಬೇಕಿರಲಿಲ್ಲ. ಬಹಳ ಹೊತ್ತು ನೋಡಿದಳು.

"ಇದನ್ನ ಗೋಷ್ಠಿಯಲ್ಲಿ ತೋರಿಸ್ಲಾ ಅಕ್ಕ? ಹೆಸರು ಹಾಕಲ್ಲ."

"ಬೇಡ."

ಆಮೇಲೆ ಅವಳೇ ಕಾರಣ ಹೇಳಿದಳು, ಒಗೆಯುವ ಕಲ್ಲಿನ ಮೇಲೆ ಕೂತು. ಅವರದು ನೇಯ್ಗೆಯ ಮನೆತನ. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಲೇ ಬೆಳೆದವಳು. ಮದುವೆಯಾಗಿ ಬಂದ ಮನೆಯಲ್ಲೂ ಎರಡು ಮಗ್ಗ ಇದ್ದವು. ಪವರ್‌ಲೂಮ್ ಬಂದ ಮೇಲೆ ಮಗ್ಗ ನಿಂತವು. ಗಂಡ ಚೆನ್ನಿಯಪ್ಪನ್‌ಗೆ ಬೇರೆ ಕೆಲಸ ಒಗ್ಗಲಿಲ್ಲ. ಇಬ್ಬರು ಹೆಣ್ಣುಮಕ್ಕಳು. ಅವಳು ಜಿನ್ನಿಂಗಿಗೆ ಬಂದಳು. ಅಲ್ಲಿ ಯಾರಿಗೂ ಕೆಲಸ ಖಾಯಂ ಅಲ್ಲ. ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಪಳನಿಸಾಮಿ ನಿಂತು, ನೀನು ಬಾ, ನೀನು ಬಾ ಎಂದು ಬೆರಳು ತೋರಿಸುತ್ತಾನೆ. ಕೆಮ್ಮಿದವರ ಕಡೆ ಬೆರಳು ಬರುವುದಿಲ್ಲ.

"ಅದಕ್ಕೇ ಬೆಲ್ಲ" ಎಂದಳು. "ಗೇಟು ದಾಟೋವರ್ಗೂ ನಾಲಿಗೆ ಕೆಳಗೆ ಇಟ್ಕೋತೀವಿ. ಕೆಮ್ಮು ಬಂದ್ರೆ ಅದ್ರ ಜೊತೆ ನುಂಗೋದು. ಈಗ ನೀನು ಇದನ್ನ ಗೋಡೆ ಮೇಲೆ ದೊಡ್ಡದು ಮಾಡಿ ತೋರಿಸ್ತೀಯ. ಯಾವ್ ಫ್ಯಾಕ್ಟರಿ ಅಂತಾರೆ. ಎಲ್ಲಾರ್ದೂ ನೆಟ್ಟಗೈತೆ, ಇದ್ಯಾರು ಒಬ್ಳು ಸೊಟ್ಟ ಅಂತಾರೆ. ಗೊತ್ತಾಗಕ್ಕೆ ಎಷ್ಟೊತ್ತು?"

ಮಾರಪ್ಪನ್ ಕಾಗದ ಮಡಿಸಿದ. "ಸರಿ ಅಕ್ಕ. ಭಾನುವಾರದ್ದು ಮಾತ್ರ ತೋರಿಸ್ತೀನಿ."

"ಅದು ಏನ್ ಹೇಳ್ತದೆ?"

"ದೂಳಿನಿಂದ ಏನೂ ಆಗಲ್ಲ ಅಂತ."

"ಯಾರ ಮುಂದೆ?"

"ಮೇಷ್ಟ್ರುಗಳು, ಡಾಕ್ಟರುಗಳು. ಮಿಲ್ಲಿನೋರೂ ಕೆಲವ್ರು ಬರ್ತಾರೆ."

ರುಕ್ಮಣಿ ಒಂದು ಸೀರೆಯನ್ನು ಪೂರ್ತಿ ಹಿಂಡಿ ಕೊಡವಿ ಹಗ್ಗದ ಮೇಲೆ ಹಾಕಿದಳು. ಸಾಲುಮನೆಗಳ ಕಡೆ ನೋಡಿದಳು. ಅಲ್ಲಿ ಮುತ್ತಮ್ಮಾಳ್ ಹೊಸ್ತಿಲ ಮೇಲೆ ಕೂತು ಯಾರದೋ ಮಗುವಿನ ಹೇನು ನೋಡುತ್ತಿದ್ದಳು.

"ಏನೂ ಆಗಲ್ಲ ಅಂತ ನಮ್ ಉಸಿರೇ ಹೇಳಿದ್ ಹಂಗಾಯ್ತು" ಎಂದಳು ಕೊನೆಗೆ. "ನಾಳೆ ಸಾಯಂಕಾಲ ಡಬ್ಬ ತಗೊಂಡು ಬಾ."

ಮರುದಿನ ಸಂಜೆ ಅವನು ಹೋದಾಗ ಪಂಪಿನ ಹತ್ತಿರ ಎಲ್ಲರೂ ಇದ್ದರು. ಯಾರೂ ಮುಖ ತೊಳೆದಿರಲಿಲ್ಲ, ಸೀರೆ ಬದಲಿಸಿರಲಿಲ್ಲ. ರುಕ್ಮಣಿ ಮನೆಮನೆಗೆ ಹೋಗಿ ಹೇಳಿದ್ದಳು: ನನ್ನದೊಂದೇ ಸೊಟ್ಟ ಗೆರೆಯಾದರೆ ಅದು ನಾನು, ಎಲ್ಲರದ್ದೂ ಆದರೆ ಅದು ಫ್ಯಾಕ್ಟರಿ.

ಈ ಸಲ ಪಂದ್ಯ ಇರಲಿಲ್ಲ. ಒಬ್ಬೊಬ್ಬರೇ ಬಾಯಿಯ ಬೆಲ್ಲ ಉಗಿದು ಊದಿದರು. ಊದಿದವರು ಕೆಮ್ಮಿದರು, ಕೆಮ್ಮನ್ನು ಯಾರೂ ನುಂಗಲಿಲ್ಲ. ಪೆನ್ನು ಒಂದಾದ ಮೇಲೊಂದು ತಗ್ಗಿದ ಗೆರೆ ಎಳೆಯಿತು. ಮುತ್ತಮ್ಮಾಳ್‌ದು ಎಲ್ಲಕ್ಕಿಂತ ತಗ್ಗು.

"ಏನ್ ತಂಬಿ, ಮೊನ್ನೆ ನಾನೇ ಫಸ್ಟು."

"ಇವತ್ತೂ ನೀವೇ ಅಜ್ಜಿ" ಎಂದ ಮಾರಪ್ಪನ್. ಅವಳು ನಕ್ಕಳು, ನಗು ಕೆಮ್ಮಾಯಿತು.

ಆಗಲೇ ಮೇಸ್ತ್ರಿ ಪಳನಿಸಾಮಿ ಸೈಕಲ್ ತಳ್ಳಿಕೊಂಡು ಬಂದದ್ದು. ಅವನು ಸ್ಟ್ಯಾಂಡ್ ಹಾಕಿ, ಡಬ್ಬ ನೋಡಿ, ಹೆಂಗಸರನ್ನು ನೋಡಿ, "ಏನಿದು?" ಎಂದು ತಮಿಳಿನಲ್ಲಿ ಕೇಳಿದ.

"ಉಸಿರಿನ ತಕ್ಕಡಿ" ಎಂದಳು ಮುತ್ತಮ್ಮಾಳ್. "ದಿನಾ ನೀನು ನಮ್ಮನ್ನ ತೂಗ್ತೀಯಲ್ಲ ಮೇಸ್ತ್ರಿ, ಇವತ್ತು ನೀನೂ ಒಂದ್ಸಲ ನಿಂತ್ಕೋ."

ಯಾರೂ ನಗಲಿಲ್ಲ. ಪಳನಿಸಾಮಿ ಮೇಸ್ತ್ರಿಯಾಗುವ ಮೊದಲು ಅದೇ ಜಿನ್ನಿಂಗ್ ಯಂತ್ರಕ್ಕೆ ವರ್ಷಗಟ್ಟಲೆ ಹತ್ತಿ ತುಂಬಿದವನು. ಏನನ್ನಿಸಿತೋ, ಕೊಳವೆ ತೆಗೆದುಕೊಂಡು ಊದಿದ. ಪೆನ್ನು ಒಂದಿಷ್ಟು ಏರಿ ನಿಂತಿತು. ಹೆಂಗಸರ ಗೆರೆಗಳು ಅದೇ ಕಾಗದದ ಮೇಲೆ ಪಕ್ಕದಲ್ಲೇ ಇದ್ದವು, ನೋಡಿದ.

"ಕಮ್ಮೀನಾ?"

"ಸ್ವಲ್ಪ ಕಮ್ಮಿ ಅಣ್ಣಾ. ಡಾಕ್ಟರಿಗೆ ತೋರಿಸಿ."

"ಇದನ್ನ ಸೇರಿಸ್ಬೇಡ" ಎಂದ ಪಳನಿಸಾಮಿ. ಪಂಚೆಯ ಮಡಿಕೆಯಿಂದ ಪೊಟ್ಟಣ ತೆಗೆದು ಬೆಲ್ಲದ ಚೂರು ಬಾಯಿಗಿಟ್ಟುಕೊಂಡ. ಸೈಕಲ್ ಹತ್ತುವ ಮುಂಚೆ, ಇವರನ್ನೆಲ್ಲ ಸೇರಿಸಿದ್ದು ಯಾರು ಎಂದು ಕೇಳಿದ. ಮಾರಪ್ಪನ್ ಬಾಯಿ ತೆರೆಯುವಷ್ಟರಲ್ಲಿ ರುಕ್ಮಣಿ, "ನಾನೇಂಗ, ನಾನೇ" ಎಂದಳು.

ಶನಿವಾರ ಗೋಷ್ಠಿ. ಮುಂದಿನ ಸಾಲಿನಲ್ಲಿ ಪ್ರೊಫೆಸರುಗಳು, ಇಬ್ಬರು ಡಾಕ್ಟರುಗಳು, ಮಿಲ್ಲುಗಳಿಂದ ಬಂದ ಬಿಳಿ ಬಟ್ಟೆಯ ಕೆಲವರು. ಹುಡುಗರು ಒಬ್ಬರ ಹಿಂದೊಬ್ಬರು ಪ್ರಬಂಧ ಓದಿದರು. ಒಬ್ಬ ಮೇಜಿನ ಮೇಲಿನ ಸ್ಪೀಕರಿನಲ್ಲಿ ತನ್ನ ಹೃದಯದ ಬಡಿತ ಕೇಳಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಮಾರಪ್ಪನ್ ಸರದಿ ಊಟಕ್ಕೆ ಮುಂಚೆ. ಅವನ ಇಂಗ್ಲಿಷ್ ಕಲ್ಲುಹಾದಿಯ ಗಾಡಿಯಂತೆ ಕುಲುಕುತ್ತಾ ಹೋಯಿತು. ಭಾನುವಾರದ ಗೆರೆಗಳಿದ್ದ ಪಾರದರ್ಶಕ ಹಾಳೆಯನ್ನು ಪ್ರೊಜೆಕ್ಟರ್ ಮೇಲಿಟ್ಟ. ಗೋಡೆಯ ಮೇಲೆ ಹದಿನೈದು ಗೆರೆಗಳು ನೆಟ್ಟಗೆ ಎದ್ದವು. ಅದರ ಮೇಲೆ ಸೋಮವಾರದ ಹಾಳೆ ಇಟ್ಟ. ಹೆಸರಿರಲಿಲ್ಲ, ಊರಿರಲಿಲ್ಲ. ಹದಿನೈದು ಗೆರೆಗಳು ಮೊದಲಿನವುಗಳ ಕೆಳಗೆ ಬಾಗಿ ನಿಂತವು. ಮೇಸ್ತ್ರಿಯದನ್ನು ಅವನು ಮಾತಿಗೆ ತಕ್ಕಂತೆ ಕೈಬಿಟ್ಟಿದ್ದ.

ಆಮೇಲೆ ಡಾಕ್ಟರೊಬ್ಬರು, ಮೊದಲ ಸಲ ಅಳೆಯಲು ಭಾನುವಾರವನ್ನೇ ಏಕೆ ಆರಿಸಿದಿರಿ ಎಂದು ಕೇಳಿದರು.

"ನಮ್ಮ ಕಡೆ ದುಡಿಯುವವರನ್ನು ದುಡಿಯುವ ಹೊತ್ತಿನಲ್ಲಿ ತೊಂದರೆಪಡಿಸುವುದಿಲ್ಲ ಸರ್. ಅದು ನನ್ನ ತಪ್ಪು."

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಡಾಕ್ಟರು ನಗಲಿಲ್ಲ, ಪ್ರಬಂಧದ ಒಂದು ಪ್ರತಿ ಕೇಳಿ ಪಡೆದರು. ಬಿಳಿ ಬಟ್ಟೆಯವರಲ್ಲಿ ಒಬ್ಬರು, ಯಂತ್ರ ನೀವೇ ಮಾಡಿದ್ದಾ, ಬುದ್ಧಿವಂತ ಎಂದು ಹೇಳಿ ಊಟಕ್ಕೆ ಹೋದರು. ಬಹುಮಾನ ಹೃದಯ ಕೇಳಿಸಿದವನಿಗೆ ಬಂತು. ರಾಮಲಿಂಗಂ ಮೇಷ್ಟ್ರು ಕೈ ತೊಳೆಯುವ ಕಡೆ ಮಾರಪ್ಪನ್ ಹೆಗಲ ಮೇಲೆ ಕೈಯಿಟ್ಟು, "ಲಕ್ಷಣವಾದ ಕೋಷ್ಟಕ ಅಂದಿದ್ದೆ. ಅದನ್ನು ಮರೆತುಬಿಡು" ಎಂದರು.

ಮರುದಿನ ಅವನು ತಿರುಪ್ಪೂರಿಗೆ ಹೋದ. ರುಕ್ಮಣಿ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಗಮನವಿಟ್ಟು ಕೇಳಿ, ಒಂದೇ ಪ್ರಶ್ನೆ ಕೇಳಿದಳು.

"ಅಲ್ಲಿ ಯಾರಾದ್ರೂ ಕೆಮ್ಮಿದ್ರಾ ತಂಬಿ?"

"ಇಲ್ಲಕ್ಕ."

"ಹಂಗಾದ್ರೆ ಅವ್ರಿಗೆ ಅರ್ಥ ಆಗಕ್ಕೆ ಟೈಮ್ ಹಿಡೀತದೆ."

ಕೆಲಸದ ಮಾತನ್ನು ಅವಳಾಗಿ ಎತ್ತಲಿಲ್ಲ. ಹೇಳಿದವಳು ಮುತ್ತಮ್ಮಾಳ್. ಮಂಗಳವಾರದಿಂದ ಮೇಸ್ತ್ರಿಯ ಬೆರಳು ಎಲ್ಲರ ಕಡೆಗೂ ಬಂತು, ರುಕ್ಮಣಿಯ ಕಡೆಗೆ ಬರಲಿಲ್ಲ. ಅವಳು ದಿನವೂ ಹೋಗಿ ನಿಂತಳು. ಕೆಮ್ಮಲಿಲ್ಲ. ಆದರೂ ಬರಲಿಲ್ಲ. ಉಳಿದವರು ತಲೆ ತಗ್ಗಿಸಿ ಗೇಟು ದಾಟಿದರು. "ನಾನೂ ದಾಟ್ದೆ" ಎಂದಳು ಮುತ್ತಮ್ಮಾಳ್. "ನಂಗೂ ಹೊಟ್ಟೆ ಇದೆಯಲ್ಲ ಕಣ್ಣು."

ತಾನು ಮೇಸ್ತ್ರಿಯ ಹತ್ತಿರ ಹೋಗಿ ಮಾತಾಡುತ್ತೇನೆ ಎಂದ ಮಾರಪ್ಪನ್. ರುಕ್ಮಣಿ ಮೊರ ಕೆಳಗಿಟ್ಟಳು.

"ಹೋಗ್ಬೇಡ. ಅವ್ನು ನನ್ ಮೇಲೆ ಸಿಟ್ಟಿಗೆ ಮಾಡಿದ್ದಲ್ಲ. ನನ್ ಮುಖ ನೋಡಿದ್ರೆ ಅವ್ನಿಗೆ ಅವನ್ ಗೆರೆ ನೆನಪಾಗ್ತದೆ."

ಆನಿ ತಿಂಗಳಲ್ಲಿ, ಜೂನ್ ಕಡೆಯಲ್ಲಿ, ಆ ಸಂಸಾರ ಸಿರುಮುಗೈಗೆ ಹೋಯಿತು. ಅಲ್ಲಿ ರುಕ್ಮಣಿಯ ಅಣ್ಣನ ಮನೆಯಲ್ಲಿ ರೇಷ್ಮೆ ಮಗ್ಗಗಳಿದ್ದವು; ಅವುಗಳಲ್ಲಿ ಒಂದಕ್ಕೆ ಆಳು ಬೇಕಿತ್ತು. ಚೆನ್ನಿಯಪ್ಪನ್ ವರ್ಷಗಳ ನಂತರ ಮತ್ತೆ ಮಗ್ಗದ ಗುಂಡಿಗೆ ಇಳಿದ.

ಮಾರಪ್ಪನ್ ಅಲ್ಲಿಗೂ ಡಬ್ಬ ಹೊತ್ತು ಹೋಗಿದ್ದಾನೆ, ಕೆಲಸಕ್ಕೆ ಸೇರಿದ ಮೇಲೆ, ರಜೆ ಹಾಕಿ, ಸೋಮವಾರವೇ. ರುಕ್ಮಣಿ ಕೆಲಸದ ನಡುವೆ ಎದ್ದು ಬಂದು ಊದಿದಳು. ಗೆರೆ ತಿರುಪ್ಪೂರಿನ ಸೋಮವಾರಕ್ಕಿಂತ ಮೇಲೆ ಹೋಯಿತು, ತಿರುಪ್ಪೂರಿನ ಭಾನುವಾರದ ಮಟ್ಟಕ್ಕೆ ಬಂತು, ದೂಳು ಕುಡಿಯದ ಎದೆಯವರ ಗೆರೆಯನ್ನು ಮುಟ್ಟಲಿಲ್ಲ. ಎಷ್ಟು ಬಿಡುವು ಕೊಟ್ಟರೂ ಹಿಂದಿರುಗದ ಒಂದಿಷ್ಟು ಉಸಿರು ಇರುತ್ತದೆ ಎಂದು ಪುಸ್ತಕದಲ್ಲೂ ಇತ್ತು. ಅವನು ಅದನ್ನು ಮುಚ್ಚಿಡದೆ ಹೇಳಿದ. ಅವಳು ಎರಡು ಗೆರೆಗಳ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಷ್ಟು ಅಲ್ಲೇ ಉಳೀತು" ಎಂದಳು. ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಳು.

ರುಕ್ಮಣಿ ಈಗ ಸಿರುಮುಗೈಯಲ್ಲಿ ಗಂಡನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾಳೆ.